ದೊಡ್ಡದಾಗಿ ಕಾಣುವುದೂ ಚೆನ್ನಾಗಿ ಕಾಣುವುದೂ

ದೂರದರ್ಶಕದ ಚರಿತ್ರೆಯನ್ನು ಹೇಳುವಾಗ ನಾವು ಹಾಲೆಂಡಿನ ಕನ್ನಡಕ ತಯಾರಕ ಹ್ಯಾನ್ಸ್ ಲಿಪ್ಪರ್ಶೇ 1608ರಲ್ಲಿ ಹಕ್ಕುಪತ್ರಕ್ಕಾಗಿ ಸಲ್ಲಿಸಿದ ಅರ್ಜಿಯಿಂದ ಆರಂಭಿಸುತ್ತೇವೆ. ಮರುವರ್ಷ ಗೆಲಿಲಿಯೋ ಅದನ್ನು ಆಕಾಶದತ್ತ ತಿರುಗಿಸಿದ ಪ್ರಸಂಗಕ್ಕೆ ಬಂದು ನಿಲ್ಲುತ್ತೇವೆ. ಅದೇ ಮಸೂರಗಳ ಕೊಳವೆ ಕೋವಿಯ ಬೆನ್ನೇರಿ ಕಾಡು ಹೊಕ್ಕ ಕಥೆ ನಮ್ಮ ಪಠ್ಯಪುಸ್ತಕಗಳಲ್ಲಿ ಬರುವುದಿಲ್ಲ. ನಾನು ಬೇಟೆಯ ಪಕ್ಷಪಾತಿಯಲ್ಲ. ಆದರೂ ಆ ಕಥೆಯಲ್ಲಿ ಅಡಗಿರುವ ಒಂದು ಪ್ರಶ್ನೆ ನನ್ನನ್ನು ಬಹುಕಾಲ ಕಾಡಿದೆ: ದೊಡ್ಡದಾಗಿ ಕಂಡದ್ದೆಲ್ಲ ಚೆನ್ನಾಗಿ ಕಂಡಂತೆಯೆ? ಇದಕ್ಕೆ ಬೇಟೆಗಾರ ತಪ್ಪು ಉತ್ತರ ಕೊಟ್ಟರೆ ಅದರ ಬೆಲೆ ತೆರುವವನು ಅವನಲ್ಲ. ಅರೆಗಾಯಗೊಂಡು ಪೊದೆ ಸೇರಿ ದಿನಗಟ್ಟಲೆ ನರಳುವ ಪ್ರಾಣಿ.

ಮೊದಲು ಕೊಳವೆಯ ನಿಜವಾದ ಉಪಕಾರವೇನೆಂದು ನೋಡೋಣ. ಬರಿಯ ಕೋವಿಯಲ್ಲಿ ಗುರಿಯಿಡುವವನು ಹಿಂದಿನ ಕಚ್ಚು, ಮುಂದಿನ ಗುಂಡುಮಣಿ, ದೂರದ ಪ್ರಾಣಿ, ಈ ಮೂರನ್ನೂ ಒಂದೇ ಕ್ಷಣದಲ್ಲಿ ನೋಡಬೇಕು. ಕಣ್ಣು ಒಮ್ಮೆಗೆ ಒಂದೇ ದೂರಕ್ಕೆ ಹೊಂದಿಕೊಳ್ಳಬಲ್ಲುದು. ನಲವತ್ತು ದಾಟಿದವರಿಗಂತೂ ಈ ಕಷ್ಟ ಹೇಳಬೇಕಾದುದಿಲ್ಲ. ದೂರದರ್ಶಕದಲ್ಲಿ ಗುರಿಗೆರೆಗಳೂ ಪ್ರಾಣಿಯ ಬಿಂಬವೂ ಒಂದೇ ಸಮತಲದಲ್ಲಿ ಕಾಣುತ್ತವೆ. ಹಿಗ್ಗಿಸುವುದು ಅನಂತರದ ಲಾಭ; ಮೊದಲನೆಯ ಲಾಭ ಈ ಒಂದುಗೂಡಿಕೆಯೇ.

ಅಮೆರಿಕದಲ್ಲಿ ಜಾನ್ ಚ್ಯಾಪ್‌ಮನ್ 1840ರ ದಶಕದಲ್ಲಿ ಪ್ರಕಟಿಸಿದ ಗುರಿಗಾರಿಕೆಯ ಪುಸ್ತಕದಲ್ಲಿ ಕೋವಿಯ ದೂರದರ್ಶಕವನ್ನು ವಿವರಿಸಿದನು. 1855ರಿಂದ ಸಿರಾಕ್ಯೂಸ್ ನಗರದ ವಿಲಿಯಂ ಮಾಲ್ಕಮ್ ಉತ್ತಮ ಮಸೂರಗಳ ಕೊಳವೆಗಳನ್ನು ತಯಾರಿಸತೊಡಗಿದನು. 1861ರಿಂದ 1865ರವರೆಗಿನ ಅಂತರ್ಯುದ್ಧದಲ್ಲಿ ಇಂಥ ಕೊಳವೆಗಳು ಎರಡೂ ಕಡೆಯ ಗುರಿಕಾರರ ಕೈಯಲ್ಲಿದ್ದವು. ಅವುಗಳಲ್ಲಿ ಎಷ್ಟೋ ಕೊಳವೆಗಳು ನಳಿಗೆಯಷ್ಟೇ ಉದ್ದ; ಅವುಗಳಲ್ಲಿ ಕಾಣುತ್ತಿದ್ದ ನೋಟವೋ ಕಿರಿದು. ಅತ್ತ ಮಧ್ಯ ಯೂರೋಪಿನಲ್ಲಿ ಆಸ್ಟ್ರಿಯದ ಅರಣ್ಯಾಧಿಕಾರಿ ಆಗಸ್ಟ್ ಫೀಡ್ಲರ್ 1880ರಲ್ಲಿ ಬೇಟೆಗೆ ಒದಗುವ ಕೊಳವೆಯೊಂದನ್ನು ರಚಿಸಿದನು. 1898ರಲ್ಲಿ ವಿಯೆನ್ನಾದಲ್ಲಿ ಕಾರ್ಲ್ ಕಾಲೆಸ್ ಸ್ಥಾಪಿಸಿದ ಕಾರ್ಖಾನೆಯೂ ಈ ಕಸುಬಿನಲ್ಲಿ ಹೆಸರು ಮಾಡಿತು. ಅಮೆರಿಕದ ಬಿಲ್ ವೀವರ್ 1930ರಲ್ಲಿ ಹತ್ತೊಂಬತ್ತು ಡಾಲರಿಗೆ ಮೂರು ಪಟ್ಟಿನ ಕೊಳವೆಯನ್ನು ಮಾರಿದ ಮೇಲೆ ಸಿರಿವಂತರ ಆಟಿಕೆ ಸಾಮಾನ್ಯ ಬೇಟೆಗಾರನ ಸಲಕರಣೆಯಾಯಿತು.

ಇವುಗಳಲ್ಲಿ ಹೆಚ್ಚಿನವು ಸ್ಥಿರ ವರ್ಧನದವು. ದೂರದರ್ಶಕದೊಳಗೆ ತಲೆಕೆಳಗಾದ ಬಿಂಬವನ್ನು ನೆಟ್ಟಗಾಗಿಸುವ ಒಂದು ಮಸೂರ ಜೋಡಿ ಇರುತ್ತದೆ. ಆ ಜೋಡಿಯನ್ನು ಹಿಂದೆ ಮುಂದೆ ಸರಿಸಿದರೆ ವರ್ಧನ ಬದಲಾಗುತ್ತದೆ. ತತ್ತ್ವ ಸರಳ, ಸಾಧನೆ ಕಠಿನ. 1920ರ ದಶಕದಲ್ಲಿಯೇ ಜರ್ಮನಿಯ ಜೈಸ್ ಸಂಸ್ಥೆ ಇಂಥದನ್ನು ಮಾಡಿತ್ತು. ಆದರೆ ಲೇಪನವಿಲ್ಲದ ಗಾಜಿನ ಪ್ರತಿಯೊಂದು ಮೇಲ್ಮೈಯೂ ನೂರಕ್ಕೆ ಸುಮಾರು ನಾಲ್ಕು ಪಾಲು ಬೆಳಕನ್ನು ಹಿಂದಕ್ಕೆ ಚಿಮ್ಮಿಸುತ್ತದೆ. ಹತ್ತು ಮೇಲ್ಮೈಗಳಿದ್ದರೆ ಮೂರರಲ್ಲೊಂದು ಭಾಗ ಬೆಳಕು ದಾರಿಯಲ್ಲೇ ನಷ್ಟ. 1935ರಲ್ಲಿ ಅದೇ ಸಂಸ್ಥೆಯ ಅಲೆಕ್ಸಾಂಡರ್ ಸ್ಮಾಕುಲ ಪ್ರತಿಫಲನ ತಡೆಯುವ ಲೇಪನವನ್ನು ಕಂಡುಹಿಡಿದ ಮೇಲೆ ಈ ತೊಡಕು ತಗ್ಗಿತು. ಕೊಳವೆಯೊಳಗೆ ಮಂಜು ಕಟ್ಟುವ ಪೀಡೆಗೆ ಅಮೆರಿಕದ ಲ್ಯೂಪೋಲ್ಡ್ ಸಂಸ್ಥೆ 1947ರಲ್ಲಿ ಪರಿಹಾರ ತಂದಿತು. ಎರಡನೆಯ ಮಹಾಯುದ್ಧದ ನಂತರ ಬದಲಾಗುವ ವರ್ಧನದ ಕೊಳವೆಗಳು ಅಲ್ಲಿ ಮನೆಮಾತಾದವು. ಮೂರರಿಂದ ಒಂಬತ್ತು ಪಟ್ಟಿನದಂತೂ ಬಹುಜನರ ಆಯ್ಕೆಯಾಯಿತು.

ಆಯ್ಕೆಯ ಪ್ರಶ್ನೆ ಹುಟ್ಟುವುದು ಇಲ್ಲಿಯೇ. ಒಂಬತ್ತು ಇರುವಾಗ ಮೂರೇಕೆ ಎಂದು ಅಂಗಡಿಯ ಹಗಲು ಬೆಳಕಿನಲ್ಲಿ ಅನ್ನಿಸುವುದು ಸಹಜ. ಸಂಜೆಯ ಕಾಡು ಬೇರೆ ಲೆಕ್ಕ ಹೇಳುತ್ತದೆ. ಮುಂದಿನ ಮಸೂರದ ವ್ಯಾಸವನ್ನು ವರ್ಧನದಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ಕಂತೆಯ ಅಗಲ ಸಿಗುತ್ತದೆ. ನಲವತ್ತು ಮಿಲಿಮೀಟರಿನ ಮಸೂರ ನಾಲ್ಕು ಪಟ್ಟಿನಲ್ಲಿ ಹತ್ತು ಮಿಲಿಮೀಟರ್ ಕೊಡುತ್ತದೆ. ಒಂಬತ್ತರಲ್ಲಿ ಸುಮಾರು ನಾಲ್ಕೂವರೆ ಮಾತ್ರ. ಕತ್ತಲಲ್ಲಿ ತರುಣನ ಕಣ್ಣಿನ ಪಾಪೆ ಏಳು ಮಿಲಿಮೀಟರಿನಷ್ಟು ಅರಳುತ್ತದೆ, ವೃದ್ಧನದು ಐದರಷ್ಟು. ಜರ್ಮನಿಯಲ್ಲಿ ಅಟ್ಟಣಿಗೆಯೇರಿ ಮುಸ್ಸಂಜೆಯಲ್ಲಿ ಕಾಯುವ ಬೇಟೆಗಾರರು ಎಂಟು ಪಟ್ಟಿನ, ಐವತ್ತಾರು ಮಿಲಿಮೀಟರಿನ ಕೊಳವೆಯನ್ನು ಬಹುಕಾಲ ಮೆಚ್ಚಿದ್ದು ಸುಮ್ಮನಲ್ಲ: ಭಾಗಿಸಿದರೆ ಸರಿಯಾಗಿ ಏಳು!

ನೋಟದ ಹರವೂ ಹಾಗೆಯೇ. ಮೂರು ಪಟ್ಟಿನಲ್ಲಿ ನೂರು ಗಜ ದೂರದಲ್ಲಿ ಮೂವತ್ತು ಅಡಿಗೂ ಮಿಕ್ಕ ಅಗಲ ಕಾಣುತ್ತದೆ. ಒಂಬತ್ತರಲ್ಲಿ ಅದರ ಅರ್ಧವೂ ಇಲ್ಲ. ಹತ್ತಿರದ ಪೊದೆಯಿಂದ ಜಿಂಕೆ ಚಿಮ್ಮಿದರೆ ಹೆಚ್ಚಿನ ವರ್ಧನದವನಿಗೆ ಕಾಣುವುದು ಕಂದು ಕೂದಲಿನ ಒಂದು ಮಸುಕು ಅಷ್ಟೆ. ಅದು ಯಾವ ಪ್ರಾಣಿ, ಅದರ ಯಾವ ಭಾಗ, ಹಿಂದೆ ಮನುಷ್ಯರಿದ್ದಾರೆಯೇ ಎಂಬುದು ತಿಳಿಯದು. ಹಿಗ್ಗಿಸಿದಾಗ ಪ್ರಾಣಿಯ ಜೊತೆಗೆ ಕೈಯ ನಡುಕವೂ ಹಿಗ್ಗುತ್ತದೆ. ಅದಕ್ಕಿಂತ ದೊಡ್ಡ ಅಪಾಯ ಮನಸ್ಸಿನದು: ದೂರದ್ದು ಹತ್ತಿರ ಕಂಡೊಡನೆ ಹೊಡೆಯಬಲ್ಲೆನೆಂಬ ಭ್ರಮೆ. ಗುಂಡಿಗೆ ಮಸೂರದ ಹಂಗಿಲ್ಲ. ನಾನೂರು ಗಜದ ಗಾಳಿಯನ್ನೂ ಇಳಿತವನ್ನೂ ಅದು ಪೂರ್ತಿ ಅನುಭವಿಸಿಯೇ ಹೋಗಬೇಕು.

ಗುರಿಗೆರೆಗಳ ಸ್ಥಾನದಲ್ಲಿಯೂ ಎರಡು ಸಂಪ್ರದಾಯಗಳಿವೆ. ಯೂರೋಪಿನ ಹಳೆಯ ಪದ್ಧತಿಯಲ್ಲಿ ವರ್ಧನ ಹೆಚ್ಚಿದಂತೆ ಗೆರೆಯೂ ದಪ್ಪಗೆ ಕಾಣುತ್ತದೆ, ಆದರೆ ಗೆರೆಯಿಂದ ಮಾಡಿದ ಅಳತೆ ಎಲ್ಲ ವರ್ಧನದಲ್ಲೂ ನಿಜವಾಗಿರುತ್ತದೆ. ಅಮೆರಿಕದವರು ಮೆಚ್ಚಿದ ಪದ್ಧತಿಯಲ್ಲಿ ಗೆರೆ ಒಂದೇ ಸಮನಾಗಿ ತೆಳ್ಳಗಿರುತ್ತದೆ, ಅಳತೆ ಮಾತ್ರ ಗೊತ್ತಾದ ಒಂದು ವರ್ಧನದಲ್ಲಷ್ಟೇ ಸರಿ. ಹತ್ತಿರದ ಬೇಟೆಗೆ ಎರಡನೆಯದೇ ಸಾಕು.

ನಮ್ಮ ನಾಡಿನ ಪ್ರಸ್ತಾಪ ಬಂದರೆ, ಬೆಂಗಳೂರಿನ ಕೆನೆತ್ ಆಂಡರ್ಸನ್ ನರಭಕ್ಷಕಗಳನ್ನು ಅರಸಿ ಅಲೆದದ್ದು .405 ವಿಂಚೆಸ್ಟರ್ ಕೋವಿ ಹಿಡಿದು. ರಾತ್ರಿ ಅದಕ್ಕೆ ಟಾರ್ಚ್ ಜೋಡಿಸಿಕೊಳ್ಳುತ್ತಿದ್ದರು. ಅವರ ಬಲ ಕಾಡಿನ ಸದ್ದನ್ನೂ ಹೆಜ್ಜೆಗುರುತನ್ನೂ ಓದುವುದರಲ್ಲಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೊಂದಿಗೆ ನಮ್ಮಲ್ಲಿ ವಿನೋದದ ಬೇಟೆಯ ಕಾಲ ಮುಗಿಯಿತು. ಅದು ಮುಗಿದದ್ದೇ ಒಳಿತೆಂದು ನನ್ನ ಭಾವನೆ.

ಬೇಟೆಗೆ ಅನುಮತಿಯಿರುವ ದೇಶಗಳ ಅನುಭವಿಗಳು ಹೊಸಬರಿಗೆ ಹೇಳುವ ಮಾತು ಎರಡೇ. ಹುಡುಕುವುದಕ್ಕೆ ಬೈನಾಕ್ಯುಲರ್ ಬಳಸು, ಏಕೆಂದರೆ ಕೋವಿಯ ಕೊಳವೆಯಲ್ಲಿ ಯಾರನ್ನು ನೋಡಿದರೂ ಅವರತ್ತ ನಳಿಗೆ ತಿರುಗಿರುತ್ತದೆ. ನಡೆಯುವಾಗ ವರ್ಧನದ ಬಳೆಯನ್ನು ಅತಿ ಕಡಮೆಯಲ್ಲಿಡು. ಪ್ರಾಣಿ ದೂರದಲ್ಲಿದ್ದರೆ ಅದನ್ನು ಹೆಚ್ಚಿಸಲು ಹೇಗೂ ಸಮಯವಿರುತ್ತದೆ, ಹತ್ತಿರವಿದ್ದರೆ ತಗ್ಗಿಸಲು ಇರುವುದಿಲ್ಲ. ಆದ್ದರಿಂದ ಕೊಳ್ಳುವವನು ಮೊದಲು ಕೇಳಬೇಕಾದದ್ದು ಎಷ್ಟು ಮೇಲಕ್ಕೆ ಹೋಗುತ್ತದೆಂದಲ್ಲ, ಎಷ್ಟು ಕೆಳಕ್ಕೆ ಬರುತ್ತದೆಂದು.