ಮೆದುಳಿನ ಮಾತು ಕೇಳಿಸಿಕೊಳ್ಳಲು ಹಿಡಿದ 75 ವರ್ಷ

ಮೂರ್ಛೆ ರೋಗದವರನ್ನು ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದವರಿಗೆ ಇಇಜಿ ಪರೀಕ್ಷೆ ಗೊತ್ತಿರುತ್ತದೆ. ತಲೆಗೆ ಅಂಟು ಹಚ್ಚಿ ವೈರ್ ಸಿಕ್ಕಿಸಿ, ಕಣ್ಣು ಮುಚ್ಚಿ, ಕಣ್ಣು ಬಿಡಿ ಎನ್ನುತ್ತಾರೆ. ಪರದೆಯ ಮೇಲೆ ಗೆರೆಗಳು ಏರಿಳಿಯುತ್ತವೆ. "ತಲೆಗೆ ಕರೆಂಟ್ ಕೊಡ್ತಾರಂತೆ" ಎಂದು ಹೆದರುವವರೂ ಇದ್ದಾರೆ. ಅಲ್ಲಿ ಯಾರೂ ಕರೆಂಟ್ ಕೊಡುವುದಿಲ್ಲ. ತಲೆಯೊಳಗೇ ಹುಟ್ಟುವ ಕರೆಂಟನ್ನು ಓದುತ್ತಾರೆ, ಅಷ್ಟೇ.

ಮನುಷ್ಯನ ತಲೆಯಿಂದ ಅದನ್ನು ಮೊದಲು ಓದಿದವರು ಜರ್ಮನಿಯ ಯೇನಾ ಊರಿನ ಮನೋವೈದ್ಯ ಹಾನ್ಸ್ ಬರ್ಗರ್. ಯುವಕನಾಗಿ ಸೈನ್ಯದಲ್ಲಿದ್ದಾಗ ಅವರು ಕುದುರೆಯಿಂದ ಬಿದ್ದು, ಫಿರಂಗಿ ಗಾಡಿಯ ಚಕ್ರಕ್ಕೆ ಸಿಗುವುದರಲ್ಲಿ ಸ್ವಲ್ಪದರಲ್ಲೇ ಉಳಿದರು. ಅದೇ ಸಂಜೆ ಮನೆಯಿಂದ ಟೆಲಿಗ್ರಾಂ ಬಂತು. ಅವರಿಗೇನೋ ಆಗಿದೆ ಎಂದು ದೂರದ ಊರಿನಲ್ಲಿದ್ದ ಸೋದರಿಗೆ ಅನಿಸಿತ್ತಂತೆ. ಮನಸ್ಸಿನ ಶಕ್ತಿ ಹೀಗೆ ಹರಿಯುವುದಾದರೆ ಅದನ್ನು ಅಳೆಯಬೇಕು ಎಂಬ ಹುಚ್ಚು ಬರ್ಗರ್‌ಗೆ ಹಿಡಿದದ್ದು ಅಲ್ಲಿಂದ. ಹುಡುಕಿದ್ದು ಸಿಗಲಿಲ್ಲ. ಸಿಕ್ಕಿದ್ದು ಬೇರೆ.

1924ರಲ್ಲಿ ಅವರು ಮೊದಲ ದಾಖಲೆ ಪಡೆದರು. ಪ್ರಕಟಿಸಲು ಐದು ವರ್ಷ ತೆಗೆದುಕೊಂಡರು. ಅಷ್ಟೂ ದಿನ ತಮ್ಮ ಮೇಲೆ ತಮಗೇ ಅನುಮಾನ. ಸ್ವಂತ ಮಗನ ತಲೆಗೂ ತಂತಿ ಕಟ್ಟಿ ಮತ್ತೆ ಮತ್ತೆ ನೋಡಿದರು. ಕಣ್ಣು ಮುಚ್ಚಿದರೆ ಸೆಕೆಂಡಿಗೆ ಸುಮಾರು ಹತ್ತು ಅಲೆ, ಕಣ್ಣು ಬಿಟ್ಟರೆ ಅಡಗಿಹೋಗುತ್ತದೆ. ಇವತ್ತಿಗೂ ನಿಮಗೆ ಕಣ್ಣು ಮುಚ್ಚಿ, ಬಿಡಿ ಎನ್ನುವುದರ ಹಿಂದೆ ಇದೇ ಇದೆ. ಯಾರೂ ಬೇಗ ನಂಬಲಿಲ್ಲ. 1934ರಲ್ಲಿ ಕೇಂಬ್ರಿಡ್ಜ್‌ನ ಆಡ್ರಿಯನ್ ಮತ್ತು ಮ್ಯಾಥ್ಯೂಸ್ ಅದೇ ಪ್ರಯೋಗ ಮಾಡಿ ಹೌದು ಎಂದ ಮೇಲೆ ಜಗತ್ತು ತಿರುಗಿ ನೋಡಿತು.

ಬರ್ಗರ್ ಬಗ್ಗೆ ಇನ್ನೊಂದು ಮಾತನ್ನೂ ಹೇಳಬೇಕು. ನಾಜಿ ಕಾಲದಲ್ಲಿ ವಂಶದ ಕಾಯಿಲೆಯ ಹೆಸರಲ್ಲಿ ಜನರಿಗೆ ಬಲವಂತವಾಗಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸುತ್ತಿದ್ದ ವ್ಯವಸ್ಥೆಯ ಮೇಲ್ಮನವಿ ನ್ಯಾಯಾಲಯದಲ್ಲಿ ಅವರೂ ಕುಳಿತಿದ್ದರು. ಬಹಳ ಕಾಲ ಇದನ್ನು ಬಿಟ್ಟು ಅವರ ಕಥೆ ಹೇಳಲಾಗುತ್ತಿತ್ತು.

ಅಲೆ ಸಿಕ್ಕಿತು, ಸರಿ. ಅದರಲ್ಲಿ ಮಾತು ಹುಡುಕುವುದು ಹೇಗೆ? ಕಷ್ಟ ಇರುವುದೇ ಇಲ್ಲಿ. ಟಾರ್ಚಿಗೆ ಹಾಕುವ ಸೆಲ್ 1.5 ವೋಲ್ಟ್. ತಲೆಯ ಚರ್ಮದ ಮೇಲೆ ಸಿಗುವುದು ಅದರ ಮೂವತ್ತು ಸಾವಿರದ ಒಂದು ಪಾಲು ಇರಬಹುದು. ಕಣ್ಣು ಮಿಟುಕಿಸಿದರೆ, ಹಲ್ಲು ಕಚ್ಚಿದರೆ ಅದಕ್ಕಿಂತ ದೊಡ್ಡ ಅಲೆ ಬಂದು ಎಲ್ಲ ಮುಚ್ಚಿಹೋಗುತ್ತದೆ. ಗೋಡೆಯೊಳಗಿನ ಕರೆಂಟ್ ವೈರಿನ ಗುಂಯ್‌ಗುಟ್ಟುವಿಕೆ ಬೇರೆ ಸೇರಿಕೊಳ್ಳುತ್ತದೆ.

ಜಾತ್ರೆಯ ಗದ್ದಲ ನೆನಪಿಸಿಕೊಳ್ಳಿ. ಗಂಟೆ ಬಾರಿಸಿದಾಗಲೆಲ್ಲ ಮೂಲೆಯಲ್ಲೊಬ್ಬ ಮೆಲ್ಲಗೆ "ಹೂಂ" ಎನ್ನುತ್ತಾನೆ. ಒಂದು ಸಲಕ್ಕೆ ಕೇಳಿಸುವುದಿಲ್ಲ. ನೂರು ಗಂಟೆಗೂ ರೆಕಾರ್ಡ್ ಮಾಡಿ, ನೂರನ್ನೂ ಒಂದರ ಮೇಲೊಂದು ಇಟ್ಟು ಸರಾಸರಿ ತೆಗೆದರೆ? ಗದ್ದಲ ಪ್ರತಿ ಸಲ ಬೇರೆ ಬೇರೆ, ಹಾಗಾಗಿ ಅದು ಹತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ. "ಹೂಂ" ಮಾತ್ರ ಇದ್ದಷ್ಟೇ ಉಳಿಯುತ್ತದೆ. ಸಿಗ್ನಲ್ ಪ್ರೊಸೆಸಿಂಗ್ ಎಂಬ ದೊಡ್ಡ ಹೆಸರಿನ ಒಳಗೆ ಇಂಥ ಲೆಕ್ಕಗಳೇ ಇರುವುದು.

1973ರಲ್ಲಿ ಅಮೆರಿಕದ ಲಾಸ್ ಏಂಜಲೀಸ್‌ನ ವಿಶ್ವವಿದ್ಯಾಲಯದಲ್ಲಿ ಜಾಕ್ ವಿಡಾಲ್ ಈ ಕೆಲಸಕ್ಕೆ 'ಬ್ರೈನ್ ಕಂಪ್ಯೂಟರ್ ಇಂಟರ್ಫೇಸ್' ಎಂಬ ಹೆಸರು ಕೊಟ್ಟರು. ಕೆಲವೇ ವರ್ಷದಲ್ಲಿ, ಕೈ ಅಲ್ಲಾಡಿಸದೆ ಪರದೆಯ ಮೇಲಿನ ಚುಕ್ಕಿಯನ್ನು ದಾರಿ ಹುಡುಕುವ ಆಟದಲ್ಲಿ ನಡೆಸಿಯೂ ತೋರಿಸಿದರು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು 1988ರ ಫಾರ್‌ವೆಲ್ ಮತ್ತು ಡಾಂಚಿನ್ ಅವರ ಅಕ್ಷರದ ಹಲಗೆ. ಪರದೆಯ ಮೇಲೆ ಆರು ಸಾಲು, ಆರು ಕಂಬ, 36 ಮನೆ. ಸಾಲುಗಳೂ ಕಂಬಗಳೂ ಕ್ರಮ ತಪ್ಪಿ ಮಿನುಗುತ್ತವೆ. ನಿಮಗೆ ಬೇಕಾದ ಅಕ್ಷರ ಇರುವ ಸಾಲು ಮಿನುಗಿದ ಕೂಡಲೇ ಮೆದುಳು "ಇದೇ" ಎನ್ನುತ್ತದೆ. ಸೆಕೆಂಡಿನ ಮೂರನೇ ಒಂದು ಭಾಗದ ಹೊತ್ತಿಗೆ ಸಣ್ಣದೊಂದು ಉಬ್ಬು ಏಳುತ್ತದೆ. ಹಲವು ಸಲ ಮಿನುಗಿಸಿ ಸರಾಸರಿ ತೆಗೆದರೆ ಸಾಲು ಯಾವುದು, ಕಂಬ ಯಾವುದು ಗೊತ್ತಾಗುತ್ತದೆ. ನಿಮಿಷಕ್ಕೆ 2.3 ಅಕ್ಷರ. ನಿಧಾನವೇ.

ನಿಧಾನ ಯಾರಿಗೆ ಎಂದು ಕೇಳಬೇಕು. ಎಎಲ್‌ಎಸ್ ಎಂಬ ಕಾಯಿಲೆಯಲ್ಲಿ ಸ್ನಾಯುಗಳನ್ನು ನಡೆಸುವ ನರಗಳು ಸಾಯುತ್ತವೆ. ಕೈ, ಕಾಲು, ನಾಲಿಗೆ, ಕೊನೆಗೆ ಉಸಿರು. ಬುದ್ಧಿ ಬಹಳ ಜನರಲ್ಲಿ ಉಳಿದೇ ಇರುತ್ತದೆ. ಸುತ್ತಲಿನವರ ಮಾತೆಲ್ಲ ಕೇಳಿಸುತ್ತದೆ, ಉತ್ತರ ಕೊಡಲಾಗದು. ಜರ್ಮನಿಯ ಟ್ಯೂಬಿಂಗನ್‌ನಲ್ಲಿ ನೀಲ್ಸ್ ಬಿರ್ಬಾಮರ್ ತಂಡ ಇಂಥವರಿಗೆ ತಿಂಗಳುಗಟ್ಟಲೆ ತರಬೇತಿ ಕೊಟ್ಟಿತು. ಇವರ ದಾರಿ ಬೇರೆ. ಅಕ್ಷರಗಳನ್ನು ಎರಡು ಪಾಲು ಮಾಡಿ, ಬೇಕಾದ ಪಾಲನ್ನು ಮೆದುಳಿನ ನಿಧಾನದ ಅಲೆಯನ್ನು ಏರಿಸಿ ಇಳಿಸಿ ಆರಿಸುವುದು. ಉಳಿದ ಪಾಲನ್ನು ಮತ್ತೆ ಎರಡು ಮಾಡುವುದು. ಹೀಗೆ ಒಂದೊಂದೇ ಅಕ್ಷರ ಕೂಡಿಸಿ, ಅಲುಗಾಡಲಾಗದ ವ್ಯಕ್ತಿ ಗಂಟೆಗಟ್ಟಲೆ ಕುಳಿತು ಪತ್ರ ಬರೆದ ಸುದ್ದಿ 1999ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂತು.

ಈ ಹಲಗೆಗಳನ್ನೆಲ್ಲ ಮಾಡಿದ್ದು 26 ಅಕ್ಷರದ ಭಾಷೆಗಳವರು. ಕನ್ನಡಕ್ಕೆ 36 ಮನೆ ಸಾಲದು, ವರ್ಣಮಾಲೆಯೇ 49. ಕಾಗುಣಿತ ಸೇರಿಸಿದರೆ ಗೋಡೆ ತುಂಬಾ ಅಕ್ಷರ. ಮೊದಲ ಸುತ್ತಿಗೆ ವ್ಯಂಜನ, ಎರಡನೆಯದಕ್ಕೆ ಸ್ವರ ಎಂದು ಒಡೆದರೆ ದಾರಿ ಇದೆ ಎನಿಸುತ್ತದೆ. 'ನೀರು' ಎನ್ನಲು ನ, ಈ, ರ, ಉ, ನಾಲ್ಕೇ ಆಯ್ಕೆ. ಇಂಗ್ಲಿಷಿನ 'ವಾಟರ್'ಗೆ ಐದು ಬೇಕು. 1988ರ ವೇಗದಲ್ಲೇ ಲೆಕ್ಕ ಹಾಕಿದರೂ ಎರಡು ನಿಮಿಷದೊಳಗೆ ಲೋಟ ಬಾಯಿಗೆ ಬರುತ್ತದೆ. 'ಅಮ್ಮ' ಎನ್ನಲು ಮಾತ್ರ ಒತ್ತಕ್ಷರಕ್ಕೆ ಇನ್ನೊಂದು ಮನೆ ಇಡಬೇಕು.