ಎಂಟು ಪದಜಾತಿಗಳು: ನಮ್ಮ ಸೀಮೆಯ ಇಂಗ್ಲಿಷ್ ಪಾಠದ ಹಿನ್ನೆಲೆ

ದೇವಾಲಯವೊಂದರ ಶತಮಾನೋತ್ಸವದ ಸಂಚಿಕೆಯಲ್ಲಿ ಅಡಿಗಲ್ಲಿಟ್ಟವರ, ಗೋಪುರ ಕಟ್ಟಿಸಿದವರ, ಗಂಟೆಯನ್ನು ದಾನವಿತ್ತವರ ಹೆಸರುಗಳು ಬರುವುದು ಪದ್ಧತಿ. ಅದು ಯೋಗ್ಯವೂ ಹೌದು. ಅಂತಹ ಲೇಖನಗಳನ್ನು ಬರೆಯಬಲ್ಲವರು ನಮ್ಮಲ್ಲಿ ಹಲವರಿದ್ದಾರೆ. ನಾವಾದರೋ ಈ ಪುಟಗಳಲ್ಲಿ ನಮ್ಮ ಮನೆಗಳ ಮಕ್ಕಳಿಗೆ ಸಂಬಂಧಿಸಿದ ಬೇರೊಂದು ಇತಿಹಾಸವನ್ನು ಓದುಗರ ಮುಂದಿಡಲು ಇಚ್ಛಿಸುತ್ತೇವೆ. ಅದು ಇಂಗ್ಲಿಷ್ ಪಾಠದ ಇತಿಹಾಸ. ದಾವಣಗೆರೆ, ಹರಿಹರಗಳಲ್ಲಿ ಮನೆಗಳನ್ನು ಸಂದರ್ಶಿಸುವಾಗ ತಾಯ್ತಂದೆಯರು ಆರೋಗ್ಯ, ಉದ್ಯೋಗಗಳ ಮಾತು ಮುಗಿಸಿದೊಡನೆ ಎತ್ತುವ ಚಿಂತೆ ಇದೇ: ಮಗು ಉಳಿದೆಲ್ಲ ವಿಷಯಗಳಲ್ಲಿ ಚುರುಕಾಗಿದೆ, ಇಂಗ್ಲಿಷ್ ಮಾತ್ರ ತಲೆಗೆ ಹತ್ತದು. ಕೂಲಿಯ ಹಣದಲ್ಲಿ ಉಳಿಸಿ ಮನೆಪಾಠಕ್ಕೆ ಕಳುಹಿಸುವವರೂ ಇದ್ದಾರೆ. ಈ ಒಂದು ವಿಷಯದಲ್ಲಿ ಸೋತು ಎಸ್.ಎಸ್.ಎಲ್.ಸಿ.ಗೆ ಓದನ್ನು ನಿಲ್ಲಿಸಿದ ಮಕ್ಕಳನ್ನು ನಾವೆಲ್ಲರೂ ಬಲ್ಲೆವು.

ಅಂತಹ ಮಗುವನ್ನು ಕರೆದು ಕೇಳಿದರೆ, ಅದು ಒಂದು ಪಾಠವನ್ನು ಮಾತ್ರ ತಡವರಿಸದೆ ಒಪ್ಪಿಸುತ್ತದೆ: ನೌನ್, ಪ್ರೊನೌನ್, ವರ್ಬ್, ಆ್ಯಡ್ವರ್ಬ್, ಆ್ಯಡ್ಜೆಕ್ಟಿವ್, ಪ್ರೆಪೊಸಿಷನ್, ಕಂಜಂಕ್ಷನ್, ಇಂಟರ್ಜೆಕ್ಷನ್. ಹೆಸರುಗಳು ಎಂಟು, ಅರ್ಥ ಒಂದೂ ಇಲ್ಲ. ಈ ಎಂಟು ಎಲ್ಲಿಂದ ಬಂದವು, ಏಕೆ ಎಂಟೇ ಆದವು, ಕನ್ನಡದ ಮಗುವಿಗೆ ಇವು ಏಕೆ ಒಗ್ಗುವುದಿಲ್ಲ ಎಂಬುದನ್ನು ವಿಚಾರಿಸಿದರೆ ಕಲಿಸುವ ದಾರಿಯೂ ಕಾಣಬಹುದು.

ಕ್ರಿಸ್ತಪೂರ್ವ 2ನೆಯ ಶತಮಾನದಲ್ಲಿ ದಿಯೊನೀಸಿಯುಸ್ ತ್ರಾಕ್ಸ್ ಎಂಬ ವಿದ್ವಾಂಸನ ಹೆಸರಿನಲ್ಲಿ ಪ್ರಸಿದ್ಧವಾದ ಗ್ರೀಕ್ ವ್ಯಾಕರಣವು ಪದಗಳನ್ನು ಎಂಟು ಜಾತಿಗಳಾಗಿ ವಿಂಗಡಿಸಿತು. ಗ್ರೀಕಿನಲ್ಲಿ ಆರ್ಟಿಕಲ್ ಎಂಬ ಜಾತಿಯಿತ್ತು, ಲತೀನಿನಲ್ಲಿ ಅದಿಲ್ಲ. ಆದರೂ ರೋಮಿನ ವೈಯಾಕರಣರು ಲೆಕ್ಕವನ್ನು ಕೆಡಿಸದೆ, ಉದ್ಗಾರಸೂಚಕ ಪದಗಳನ್ನು ಸೇರಿಸಿಕೊಂಡು ಎಂಟನ್ನೇ ಉಳಿಸಿದರು. 4ನೆಯ ಶತಮಾನದಲ್ಲಿ ರೋಮಿನಲ್ಲಿ ಪಾಠ ಹೇಳುತ್ತಿದ್ದ ದೊನಾತುಸನ ಕಿರುಪುಸ್ತಕವು ಮುಂದೆ ಸಾವಿರ ವರ್ಷಕ್ಕೂ ಮೀರಿ ಯೂರೋಪಿನ ಬಾಲಕರ ಮೊದಲ ವ್ಯಾಕರಣವಾಯಿತು. ಪವಿತ್ರ ಗ್ರಂಥವನ್ನು ಲತೀನಿಗೆ ತಂದ ಸಂತ ಜೆರೋಮರು ಬಾಲ್ಯದಲ್ಲಿ ಇದೇ ದೊನಾತುಸನ ಶಿಷ್ಯರಾಗಿದ್ದರೆಂಬುದು ನಮ್ಮ ಓದುಗರಿಗೆ ಸ್ವಾರಸ್ಯವೆನಿಸಬಹುದು. ಕಾಲಾನಂತರದಲ್ಲಿ ಇಂಗ್ಲಿಷರು ತಮ್ಮ ಭಾಷೆಗೆ ವ್ಯಾಕರಣ ಬರೆಯಹೊರಟಾಗ ಈ ಲತೀನ್ ಅಂಗಿಯನ್ನೇ ಅದಕ್ಕೆ ತೊಡಿಸಿದರು. ನಾಮದೊಳಗೆ ಅಡಗಿದ್ದ ವಿಶೇಷಣವನ್ನು ಹೊರಗೆಳೆದು, ಪಾರ್ಟಿಸಿಪಲ್ ಎಂಬುದನ್ನು ಕೈಬಿಟ್ಟು, ಮತ್ತೆ ಎಂಟನ್ನೇ ಎಣಿಸಿದರು. ಹೀಗೆ ನಮ್ಮ ಮಗು ಒಪ್ಪಿಸುವ ಪಟ್ಟಿ ಗ್ರೀಸಿನಿಂದ ರೋಮಿಗೂ, ರೋಮಿನಿಂದ ಲಂಡನ್ನಿಗೂ, ಅಲ್ಲಿಂದ ದಾವಣಗೆರೆಗೂ ಪ್ರಯಾಣ ಮಾಡಿದ ಹಳೆಯ ಸರಕು.

ನಮ್ಮ ದೇಶಕ್ಕೂ ಪದಜಾತಿಗಳ ವಿಚಾರ ಹೊಸತಲ್ಲ. ನಿರುಕ್ತವನ್ನು ರಚಿಸಿದ ಯಾಸ್ಕನು ನಾಮ, ಆಖ್ಯಾತ, ಉಪಸರ್ಗ, ನಿಪಾತ ಎಂದು ನಾಲ್ಕು ಬಗೆ ಹೇಳಿದನು. ಕನ್ನಡದಲ್ಲಿ 13ನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣವನ್ನು ರಚಿಸಿ ನಾಮ, ಆಖ್ಯಾತ, ಅವ್ಯಯಗಳಿಗೆ ಒಂದೊಂದು ಪ್ರಕರಣವನ್ನು ಮೀಸಲಿಟ್ಟನು. ಇಲ್ಲಿ ನಮ್ಮ ಹರಿಹರದ ನೆನಪಾಗುತ್ತದೆ. ತುಂಗಭದ್ರೆಯ ದಡದ ಹರಿಹರೇಶ್ವರ ದೇವಸ್ಥಾನವನ್ನು 1224ರ ಸುಮಾರಿಗೆ ಕಟ್ಟಿಸಿದವನು ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ. ಅದೇ ನರಸಿಂಹನ ಆಸ್ಥಾನದಲ್ಲಿದ್ದ ಕವಿ ಜನ್ನನು ಕೇಶಿರಾಜನ ಸೋದರಮಾವ. ಆ ಗುಡಿಯ ಕಂಬಗಳು ನಿಂತ ಕಾಲಕ್ಕೂ ಕನ್ನಡದ ಆ ಮಹಾ ವ್ಯಾಕರಣ ಹುಟ್ಟಿದ ಕಾಲಕ್ಕೂ ಹೆಚ್ಚು ಅಂತರವಿಲ್ಲ.

ಇನ್ನು ಪರದೇಶದಿಂದ ಬಂದವರ ಮಾತು. ಇಂಗ್ಲಿಷ್ ಕಲಿಸಲು ಬಿಳಿಯರು ಬಂದರೆಂದು ನಾವು ಭಾವಿಸುತ್ತೇವೆ. ಆದರೆ ಧರ್ಮಪ್ರಚಾರಕರಾಗಿ ಬಂದವರು ಮೊದಲು ಇಲ್ಲಿ ಶಿಷ್ಯರಾಗಿ ಕುಳಿತರು. 1579ರಲ್ಲಿ ಗೋವೆಗೆ ಬಂದ ಇಂಗ್ಲಿಷ್ ಯೇಸುಸಭೆಯ ಗುರು ಥಾಮಸ್ ಸ್ಟೀಫನ್ಸರು ಇಂಗ್ಲಿಷನ್ನು ಕಲಿಸಲಿಲ್ಲ. ಕೊಂಕಣಿಯನ್ನು ಕಲಿತು ಅದಕ್ಕೆ ವ್ಯಾಕರಣ ಬರೆದರು. ಅದು ಅವರ ಮರಣಾನಂತರ 1640ರಲ್ಲಿ ರಾಚೋಲಿನಲ್ಲಿ ಅಚ್ಚಾಯಿತು. ಕರಾವಳಿಯಿಂದ ಬಂದು ಇಲ್ಲಿ ನೆಲೆಸಿದ ಕೊಂಕಣಿ ಮನೆಮಾತಿನ ಬಾಂಧವರು ಹೆಮ್ಮೆಪಡಬೇಕಾದ ಸಂಗತಿಯಿದು. ಅದೇ ಶತಮಾನದ ನಡುವಿನಲ್ಲಿ ಮೈಸೂರು ಸೀಮೆಗೆ ಬಂದ ಇಟಲಿಯ ಗುರು ಲಿಯನಾರ್ಡೊ ಚಿನ್ನಾಮಿಯವರು ಕನ್ನಡ ಕಲಿತು ಅದರ ವ್ಯಾಕರಣ, ಪದಕೋಶಗಳನ್ನು ಸಿದ್ಧಪಡಿಸಿದರೆಂದು ಯೇಸುಸಭೆಯ ಇತಿಹಾಸಕಾರರು ಹೇಳುತ್ತಾರೆ. ಬ್ಯಾಪ್ಟಿಸ್ಟ್ ಪಂಥದ ವಿಲಿಯಂ ಕೇರಿಯವರ ಕನ್ನಡ ವ್ಯಾಕರಣ 1817ರಲ್ಲಿ ಶ್ರೀರಾಂಪುರದಲ್ಲಿ ಹೊರಬಂತು. ನಮ್ಮ ನೆರೆಯ ಬಳ್ಳಾರಿಯಲ್ಲಿದ್ದ ವಿಲಿಯಂ ರೀವರ ಇಂಗ್ಲಿಷ್–ಕನ್ನಡ ನಿಘಂಟು 1824ರಲ್ಲಿಯೂ ಕನ್ನಡ–ಇಂಗ್ಲಿಷ್ ನಿಘಂಟು 1832ರಲ್ಲಿಯೂ ಪ್ರಕಟವಾದವು. ನಮ್ಮ ಧರ್ಮಸಭೆಯಲ್ಲಿ ಮೈಸೂರಿನ ಧರ್ಮಾಧ್ಯಕ್ಷ ಶಾರ್ಬೊನೊ ಅವರ ಕಾಲಕ್ಕೆ, 1855ರಲ್ಲಿ ಕನ್ನಡ–ಲತೀನ್, 1861ರಲ್ಲಿ ಲತೀನ್–ಕನ್ನಡ ನಿಘಂಟುಗಳು ಬೆಂಗಳೂರಿನಲ್ಲಿ ಅಚ್ಚಾದವು.

ಇವರೆಲ್ಲರೂ ಕೈಯಲ್ಲಿ ಲತೀನಿನ ಅಳತೆಗೋಲನ್ನು ಹಿಡಿದೇ ಬಂದವರು. ಅವರಲ್ಲಿ ಶ್ರೇಷ್ಠರಾದವರು ಆ ಕೋಲನ್ನು ಕೆಳಗಿಟ್ಟು ಕನ್ನಡವನ್ನು ಕನ್ನಡದ ಅಳತೆಯಿಂದಲೇ ನೋಡಲು ಕಲಿತರು. 1853ರಲ್ಲಿ ಧಾರವಾಡಕ್ಕೆ ಬಂದ ಬಾಸೆಲ್ ಮಿಷನ್ನಿನ ಫರ್ಡಿನಾಂಡ್ ಕಿಟ್ಟೆಲ್ಲರು 1872ರಲ್ಲಿ ಶಬ್ದಮಣಿದರ್ಪಣವನ್ನು ಸಂಪಾದಿಸಿ ಪ್ರಕಟಿಸಿದರು. 1894ರಲ್ಲಿ ಸುಮಾರು 70,000 ಪದಗಳ ನಿಘಂಟನ್ನು ಹೊರತಂದರು. 1903ರಲ್ಲಿ ಪ್ರಕಟವಾದ ತಮ್ಮ ಕನ್ನಡ ವ್ಯಾಕರಣಕ್ಕೆ ಕೇಶಿರಾಜನನ್ನೇ ಆಧಾರವಾಗಿಟ್ಟುಕೊಂಡರು. ಬಂದ ಕೂಡಲೇ ತಮ್ಮ ಎಂಟು ಜಾತಿಗಳ ಪಟ್ಟಿಯನ್ನು ಹೇರಿದ್ದರೆ ಈ ಗ್ರಂಥಗಳು ಹುಟ್ಟುತ್ತಿರಲಿಲ್ಲ.

ಹರಿಹರವೂ ಇಂತಹ ಒಂದು ಪಾಠಕ್ಕೆ ಸಾಕ್ಷಿಯಾಯಿತು. 1865ರವರೆಗೆ ಅಲ್ಲಿ ಸೈನ್ಯದ ಠಾಣ್ಯವಿತ್ತು. 1868ರಲ್ಲಿ ತುಂಗಭದ್ರೆಗೆ ಸೇತುವೆಯಾಯಿತು. 1865ರಲ್ಲಿಯೇ ಮೇಜರ್ ಡಿಕ್ಸನ್ ಎಂಬ ಅಧಿಕಾರಿ ಹರಿಹರ ಮೊದಲಾದ ಸ್ಥಳಗಳ ಶಿಲಾಶಾಸನಗಳ ಛಾಯಾಚಿತ್ರ ತೆಗೆದರು. ಅವುಗಳನ್ನು ಓದಿ ಅನುವಾದಿಸುವ ಕೆಲಸ ಬೆಂಗಳೂರಿನಲ್ಲೇ ಹುಟ್ಟಿದ ಬಿ. ಎಲ್. ರೈಸರ ಪಾಲಿಗೆ ಬಂತು. ಆ ಅನುವಾದಗಳು 1879ರಲ್ಲಿ ಪ್ರಕಟವಾದವು. ವಿದ್ಯಾ ಇಲಾಖೆಯ ಅಧಿಕಾರಿಯಾಗಿ ಹೋಬಳಿಗೊಂದು ಕನ್ನಡ ಶಾಲೆಯ ಯೋಜನೆಯನ್ನು 1868ರಲ್ಲಿ ಮುಂದಿಟ್ಟವರೂ ಇವರೇ. ಹರಿಹರದ ಕಲ್ಲನ್ನು ಓದಲು ಇಂಗ್ಲಿಷರಿಗೆ ಕನ್ನಡ ಪಂಡಿತರ ನೆರವು ಬೇಕಾಯಿತು. ಪದದ ಕೊನೆಯಲ್ಲಿ ಅಂಟಿದ ಒಂದೊಂದು ಪ್ರತ್ಯಯವನ್ನೂ ಬಿಡಿಸಿ ತೋರಿಸದ ಹೊರತು ದಾನ ಕೊಟ್ಟವರಾರು, ಪಡೆದವರಾರು ಎಂಬುದೇ ತಿಳಿಯುತ್ತಿರಲಿಲ್ಲ.

ಕನ್ನಡ ಕಲಿಯಲು ಬಂದವರಿಗೆ ದೊರೆತ ಈ ಭಾಗ್ಯ ಇಂಗ್ಲಿಷ್ ಕಲಿಯಹೊರಟ ನಮ್ಮ ಮಕ್ಕಳಿಗೆ ದೊರೆಯಲಿಲ್ಲ. 1835ರ ಮೆಕಾಲೆಯ ಟಿಪ್ಪಣಿಯ ನಂತರ ಇಂಗ್ಲಿಷ್ ವಿದ್ಯೆ ಹಬ್ಬಿದಂತೆ, ಮೊದಲು ನೆಸ್‌ಫೀಲ್ಡರ, ಅನಂತರ ರೆನ್ ಮತ್ತು ಮಾರ್ಟಿನ್‌ರ ವ್ಯಾಕರಣಗಳು ಶಾಲೆಗಳನ್ನು ಆಳಿದವು. ಅವು ಕೆಟ್ಟ ಪುಸ್ತಕಗಳಲ್ಲ. ಭಾಷೆ ಬಲ್ಲವನಿಗೆ ಉಪಕಾರಿಗಳು. ಆದರೆ ಭಾಷೆ ಬಾರದವನಿಗೆ ಲಕ್ಷಣಗಳನ್ನು ಬಾಯಿಪಾಠ ಮಾಡಿಸುವ ರೂಢಿ ಬೆಳೆಯಿತು. ಎರಡನೆಯ ವ್ಯಾಟಿಕನ್ ಮಹಾಸಭೆಗೆ ಮುಂಚೆ ಪೀಠಸೇವಕ ಬಾಲಕರು ಅರ್ಥವರಿಯದೆ ಲತೀನಿನಲ್ಲಿ ಉತ್ತರ ಕೊಡುತ್ತಿದ್ದುದನ್ನು ಹಿರಿಯರು ಇಂದಿಗೂ ನೆನೆಯುತ್ತಾರೆ. ಉಚ್ಚಾರ ಸ್ಪಷ್ಟ, ಅರ್ಥ ಶೂನ್ಯ. ಪೂಜಾವಿಧಿಯ ಬಗ್ಗೆ ಮಹಾಸಭೆ 1963ರಲ್ಲಿ ಹೊರಡಿಸಿದ ಸಂವಿಧಾನವು ಜನಭಾಷೆಗೆ ಬಾಗಿಲು ತೆರೆದ ಮೇಲೆ ಬಲಿಪೂಜೆ ಕನ್ನಡದಲ್ಲಿ ಕೇಳಿಬಂತು. ಇಂಗ್ಲಿಷ್ ಪಾಠಕ್ಕೆ ಅಂತಹ ಬಾಗಿಲು ಪೂರ್ತಿಯಾಗಿ ತೆರೆದಿಲ್ಲ.

ಆ ಬಾಗಿಲು ಯಾವುದು? ನಮ್ಮ ಊರಿನ ಒಂದು ವಾಕ್ಯವನ್ನು ತೆಗೆದುಕೊಳ್ಳೋಣ: "ಅಪ್ಪ ದಾವಣಗೆರೆಯಿಂದ ಹರಿಹರಕ್ಕೆ ಬಸ್ಸಿನಲ್ಲಿ ಹೋದರು." ಇದನ್ನು ಇಂಗ್ಲಿಷಿಗೆ ತಿರುಗಿಸಿದರೆ ಇಂದ ಎಂಬುದು ಫ್ರಮ್ ಆಗಿಯೂ, ಕ್ಕೆ ಎಂಬುದು ಟು ಆಗಿಯೂ, ಅಲ್ಲಿ ಎಂಬುದು ಬೈ ಆಗಿಯೂ ಪದದ ಹಿಂದಿನಿಂದ ಮುಂದಕ್ಕೆ ಬಂದು ಕೂಡುತ್ತವೆ. ಪ್ರೆಪೊಸಿಷನ್ ಎಂದರೆ ಇಷ್ಟೇ: ನಮ್ಮಲ್ಲಿ ಬಾಲವಾಗಿದ್ದದ್ದು ಅಲ್ಲಿ ಕೊಂಬಾಗುತ್ತದೆ. ವಿಭಕ್ತಿ ಪ್ರತ್ಯಯಗಳನ್ನು ಮೂರು ಹೊತ್ತೂ ತಪ್ಪಿಲ್ಲದೆ ಆಡುವ ಮಗುವಿಗೆ ಇದು ಹೊಸ ವಿದ್ಯೆಯೇನಲ್ಲ. ಎಚ್ಚರಿಕೆ ಬೇಕಾದುದು ಒಂದೆಡೆ ಮಾತ್ರ. ನಮ್ಮ ಒಂದೇ ಅಲ್ಲಿ ಪ್ರತ್ಯಯಕ್ಕೆ ಅವರಲ್ಲಿ ಇನ್, ಆನ್, ಅಟ್, ಬೈ ಎಂದು ಹಲವು ರೂಪಗಳಿವೆ. ಅವನ್ನು ಸಂದರ್ಭದೊಡನೆ ಒಂದೊಂದಾಗಿ ಕಲಿಯಬೇಕು.

ಎರಡನೆಯದು, ಪದದ ಜಾತಿಯನ್ನು ಗುರುತಿಸುವ ಬಗೆ. ಕನ್ನಡದಲ್ಲಿ ನೀರನ್ನು, ನೀರಿಗೆ ಎಂದರೆ ನಾಮಪದ. ಹೋದನು, ಹೋಗುತ್ತಾಳೆ ಎಂದರೆ ಕ್ರಿಯಾಪದ. ಅಂತ್ಯವೇ ಜಾತಿಯನ್ನು ಸಾರುತ್ತದೆ. ಗುರುಮಠದಲ್ಲಿ ಲತೀನ್ ಕಲಿತ ನಮಗೆ ಅದು ಈ ವಿಷಯದಲ್ಲಿ ಇಂಗ್ಲಿಷಿಗಿಂತ ಕನ್ನಡಕ್ಕೇ ಹತ್ತಿರವೆನಿಸಿತು. ಇಂಗ್ಲಿಷ್ ಬಹುಪಾಲು ಅಂತ್ಯಗಳನ್ನು ಕಳೆದುಕೊಂಡ ಭಾಷೆ. ಅಲ್ಲಿ ವಾಟರ್ ಎಂಬುದು ನೀರೂ ಹೌದು, ಗಿಡಕ್ಕೆ ನೀರೆರೆಯುವುದೂ ಹೌದು. ಲೈಟ್ ಎಂಬುದು ಬೆಳಕು, ಬೆಳಗಿಸು, ಹಗುರ ಮೂರೂ ಹೌದು. ಪದ ಕುಳಿತ ಸ್ಥಾನದಿಂದ ಅದರ ಜಾತಿಯನ್ನು ತಿಳಿಯಬೇಕು. ಆದ್ದರಿಂದ ಬಿಡಿಪದಗಳ ಪಟ್ಟಿ ಕೊಟ್ಟು ಇದು ನೌನ್, ಇದು ವರ್ಬ್ ಎಂದು ಗುರುತು ಹಾಕಿಸುವ ಅಭ್ಯಾಸದಿಂದ ಕನ್ನಡ ಮಗುವಿಗೆ ಸಹಾಯಕ್ಕಿಂತ ಗೊಂದಲವೇ ಹೆಚ್ಚು. ಪದವನ್ನು ವಾಕ್ಯದೊಳಗೇ ಕೊಡಬೇಕು.

ಮೂರನೆಯದು, ಪದಸಂಪತ್ತು. ಇಂಗ್ಲಿಷ್ ಪದಗಳೇ ಗೊತ್ತಿಲ್ಲವೆಂದು ಕೊರಗುವ ಮನೆಗಳಲ್ಲಿ ಅವು ತುಂಬಿ ತುಳುಕುತ್ತಿವೆ. ಹತ್ತಿಗಿರಣಿಗಳ ದೆಸೆಯಿಂದ ದಾವಣಗೆರೆ ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿತ್ತು. ಹರಿಹರದಲ್ಲಿ 1941ರಲ್ಲಿ ಆರಂಭವಾಗಿ ಈಗ ಮುಚ್ಚಿಹೋಗಿರುವ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತುಗಳಿಗೆ ಹೆಸರಾಗಿತ್ತು. ಮಿಲ್ಲು, ಶಿಫ್ಟು, ಬೆಲ್ಟು, ಲೇತು, ಓವರ್‌ಟೈಮು — ಶಾಲೆಯ ಮೆಟ್ಟಿಲು ಹತ್ತದ ಕಾರ್ಮಿಕನ ನಾಲಗೆಯಲ್ಲೂ ಇವು ಆಡಿದವು. ಕನ್ನಡವು ಅವನ್ನು ಸುಮ್ಮನೆ ಒಳಗೆ ಬಿಡಲಿಲ್ಲ. ನಾಮಪದಕ್ಕೆ ಉಕಾರ ಸೇರಿಸಿತು. ಸ್ಟಾರ್ಟ್, ಚೆಕ್ ಮೊದಲಾದ ಕ್ರಿಯಾಪದಗಳಿಗೆ ಮಾಡು ಎಂಬ ಕಾವಲುಗಾರನನ್ನು ಜೊತೆಗೆ ಕಳುಹಿಸಿತು. ಸ್ಟಾರ್ಟ್ ಮಾಡಿದನು ಎನ್ನುವ ಅಜ್ಜ ಪದಜಾತಿಯ ಹೆಸರು ಅರಿಯದಿದ್ದರೂ ಪದಜಾತಿಯನ್ನು ಅರಿತಿದ್ದನು.

ಹೊರಗಿನ ಪ್ರಪಂಚದ ಅನುಭವವೂ ಈ ಮಾತನ್ನು ಬೆಂಬಲಿಸುತ್ತದೆ. ಢಾಕಾದಲ್ಲಿ ಬಂಗಾಳಿ ಮಕ್ಕಳಿಗೆ ಕಲಿಸಿದ ಮೈಕೆಲ್ ವೆಸ್ಟರು, ಕಲಿಯುವವನಿಗೆ ಮೊದಲು ಬೇಕಾದದ್ದು ಹೆಚ್ಚು ಬಳಕೆಯ ಪದಗಳೆಂದು ಕಂಡು, 1953ರಲ್ಲಿ ಸುಮಾರು 2,000 ಪದಗಳ ಪಟ್ಟಿ ಪ್ರಕಟಿಸಿದರು. ದಕ್ಷಿಣ ಭಾರತದ ಇಂಗ್ಲಿಷ್ ಶಿಕ್ಷಕರ ತರಬೇತಿಗಾಗಿ 1963ರಲ್ಲಿ ಬೆಂಗಳೂರಿನಲ್ಲಿ ಪ್ರಾದೇಶಿಕ ಸಂಸ್ಥೆಯೊಂದು ಸ್ಥಾಪಿತವಾಯಿತು. 1979ರಿಂದ 1984ರವರೆಗೆ ಎನ್. ಎಸ್. ಪ್ರಭು ಅವರು ಬೆಂಗಳೂರು, ಮದ್ರಾಸು ಮೊದಲಾದೆಡೆಯ ಸಾಮಾನ್ಯ ಶಾಲೆಗಳಲ್ಲಿ ನಡೆಸಿದ ಪ್ರಯೋಗ ಲೋಕಪ್ರಸಿದ್ಧವಾಯಿತು. ಅಲ್ಲಿ ಮಕ್ಕಳಿಗೆ ವ್ಯಾಕರಣ ಸೂತ್ರಗಳನ್ನು ಹೇಳಿಕೊಡದೆ, ರೈಲ್ವೆ ವೇಳಾಪಟ್ಟಿ ನೋಡಿ ಉತ್ತರಿಸುವುದು, ನಕ್ಷೆಯಲ್ಲಿ ದಾರಿ ಹುಡುಕುವುದು ಮುಂತಾದ ಕೆಲಸಗಳನ್ನು ಇಂಗ್ಲಿಷಿನಲ್ಲಿ ಮಾಡಿಸಿದರು. ಅರ್ಥದ ಕಡೆಗೆ ಮನಸ್ಸು ಹರಿದರೆ ವ್ಯಾಕರಣ ಹಿಂಬಾಲಿಸುತ್ತದೆಂಬುದು ಅವರ ನಿಲುವು. ಎಲ್ಲ ವಿದ್ವಾಂಸರೂ ಇದನ್ನು ಪೂರ್ತಿ ಒಪ್ಪಿದವರಲ್ಲ. ಬೆಳೆದ ಮಕ್ಕಳಿಗೆ ಸ್ವಲ್ಪ ವ್ಯಾಕರಣ ಹಿತವೆಂದೇ ನಮ್ಮ ಅಭಿಪ್ರಾಯ. ಆದರೆ ಅದು ಊಟದ ನಂತರದ ತಾಂಬೂಲವಾಗಬೇಕು, ಊಟವಾಗಬಾರದು.

2007ರಿಂದ ನಮ್ಮ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಒಂದು ವಿಷಯವಾಗಿ ಬಂದಿದೆ. ವರ್ಷಗಳು ಹೆಚ್ಚಿದವು, ಭಯ ಕಡಮೆಯಾಯಿತೇ ಎಂಬುದನ್ನು ತಾಯ್ತಂದೆಯರೇ ಹೇಳಬೇಕು. ಕಲಿಯುವವನ ಮಾತೃಭಾಷೆಯನ್ನು ಅಡ್ಡಿಯೆಂದು ಬಗೆದು ಮನೆಯಲ್ಲಿ ಕನ್ನಡವನ್ನೋ ಕೊಂಕಣಿಯನ್ನೋ ತಮಿಳನ್ನೋ ನಿಷೇಧಿಸುವವರನ್ನು ನಾವು ಕಂಡಿದ್ದೇವೆ. ಕೈಯಲ್ಲಿರುವ ದೀಪವನ್ನು ಆರಿಸಿ ಕತ್ತಲೆಯಲ್ಲಿ ಬೇರೊಂದು ದೀಪವನ್ನು ಹುಡುಕಿದಂತೆ ಇದು. ಕಿಟ್ಟೆಲ್ಲರು ಕನ್ನಡ ಕಲಿಯಲು ತಮ್ಮ ಜರ್ಮನನ್ನು ಮರೆಯಬೇಕಾಗಲಿಲ್ಲ.

ಆದುದರಿಂದ ಈ ಶತಮಾನೋತ್ಸವದ ಕಾಣಿಕೆಯಾಗಿ ಒಂದು ಸಣ್ಣ ಸಲಹೆಯನ್ನು ಮುಂದಿಡುತ್ತೇವೆ. ನಮ್ಮ ಧರ್ಮಕೇಂದ್ರದ ಸಭಾಂಗಣ ವಾರದ ಬಹುತೇಕ ಸಂಜೆಗಳಲ್ಲಿ ಬೀಗ ಹಾಕಿಕೊಂಡಿರುತ್ತದೆ. ನಿವೃತ್ತ ಶಿಕ್ಷಕರೂ ಕಾಲೇಜು ಓದುವ ಯುವಕ ಯುವತಿಯರೂ ನಮ್ಮಲ್ಲಿದ್ದಾರೆ. ವಾರಕ್ಕೆ ಎರಡು ಸಂಜೆ, ಜಾತಿಭೇದ ಮತಭೇದವಿಲ್ಲದೆ ನೆರೆಹೊರೆಯ ಮಕ್ಕಳನ್ನು ಸೇರಿಸಿ, ದಿನಕ್ಕೆ ಹತ್ತು ಪದ, ಪ್ರತಿಪದಕ್ಕೆ ಒಂದು ವಾಕ್ಯ, ಪಕ್ಕದಲ್ಲಿ ಮಗುವಿನ ಮನೆಮಾತಿನ ವಾಕ್ಯ — ಇಷ್ಟು ಸಾಕು. ಇದಕ್ಕೆ ಒಂದು ಕರಿಹಲಗೆ ಮತ್ತು ತಾಳ್ಮೆಯ ಹೊರತು ಬೇರೆ ಬಂಡವಾಳ ಬೇಡ. ಒಪ್ಪುವವರು ಬರುವ ಭಾನುವಾರದ ಬಲಿಪೂಜೆಯ ನಂತರ ಸಭಾಂಗಣದಲ್ಲಿ ನಮ್ಮನ್ನು ಕಾಣಬೇಕೆಂದು ಪ್ರೀತಿಯಿಂದ ಕೋರುತ್ತೇವೆ.