ಕೆರೆ ನೀರಿನ ವೈರಸ್ ಎಲ್ಲ ರೋಗಾಣುಗಳನ್ನೂ ಕೊಲ್ಲುತ್ತದೆಯೇ?

"ನೀರಿನಲ್ಲಿ ಬ್ಯಾಕ್ಟೀರಿಯಾ ತಿನ್ನುವ ವೈರಸ್ ಇದೆ, ಹಾಗಾಗಿ ನದಿ, ಕೆರೆ ನೀರು ತಾನಾಗಿಯೇ ಶುದ್ಧವಾಗುತ್ತದೆ" ಎಂಬ ಸಂದೇಶ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಅದರಲ್ಲಿ ಅರ್ಧ ಮಾತ್ರ ನಿಜ.

ಬ್ಯಾಕ್ಟೀರಿಯಾಗಳಿಗೇ ಸೋಂಕು ತಗಲಿಸುವ ಈ ವೈರಸ್‌ಗಳನ್ನು ಫೇಜ್ ಎನ್ನುತ್ತಾರೆ. ಬಿಟಿಎಂ ಲೇಔಟ್ ಪಕ್ಕದ ಮಡಿವಾಳ ಕೆರೆಯಿಂದ ಹಿಡಿದು ನಮ್ಮ ಕರುಳಿನವರೆಗೆ ಬ್ಯಾಕ್ಟೀರಿಯಾ ಇದ್ದಲ್ಲೆಲ್ಲ ಅವೂ ಇರುತ್ತವೆ. ಆದರೆ ಒಂದು ಫೇಜ್ ಸಾಮಾನ್ಯವಾಗಿ ಒಂದೇ ಜಾತಿಯ ಬ್ಯಾಕ್ಟೀರಿಯಾದ ಕೆಲವು ತಳಿಗಳನ್ನಷ್ಟೇ ಕೊಲ್ಲಬಲ್ಲದು. ಗಂಗಾ, ಯಮುನಾ ನೀರು ಕಾಲರಾ ರೋಗಾಣುವನ್ನು ಕೊಲ್ಲುತ್ತದೆ ಎಂದು ಅರ್ನೆಸ್ಟ್ ಹ್ಯಾಂಕಿನ್ 1896ರಲ್ಲಿ ಬರೆದದ್ದು ಹೌದು. ಫಾರ್ವರ್ಡ್‌ಗಳಲ್ಲಿ ಅದು "ಎಲ್ಲ ರೋಗಾಣು" ಆಗಿಬಿಡುತ್ತದೆ!

ಯಾವ ಫೇಜ್ ಯಾವ ಬ್ಯಾಕ್ಟೀರಿಯಾದ್ದು ಎಂದು ತಿಳಿಯುವ ಹಳೆಯ ದಾರಿ ಸುಲಭ. ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಬೆಳೆಸಿ, ಮೇಲೆ ಫೇಜ್ ಇರುವ ಹನಿ ಹಾಕಬೇಕು. ಬ್ಯಾಕ್ಟೀರಿಯಾ ಸತ್ತ ಕಡೆ ಬರಿದಾದ ಚುಕ್ಕೆ ಕಾಣುತ್ತದೆ. ತೊಂದರೆಯೆಂದರೆ, ನೀರಿನಲ್ಲಿರುವ ಬಹುಪಾಲು ಬ್ಯಾಕ್ಟೀರಿಯಾಗಳು ಪ್ರಯೋಗಾಲಯದಲ್ಲಿ ಬೆಳೆಯುವುದೇ ಇಲ್ಲ.

ಆಗ ಡಿಎನ್‌ಎ ನೆರವಿಗೆ ಬರುತ್ತದೆ. ದಾಳಿಯಿಂದ ಬದುಕುಳಿದ ಬ್ಯಾಕ್ಟೀರಿಯಾ ಕೆಲವೊಮ್ಮೆ ಫೇಜ್‌ನ ಡಿಎನ್‌ಎ ತುಣುಕೊಂದನ್ನು ತನ್ನ ಡಿಎನ್‌ಎಯಲ್ಲೇ ಇಟ್ಟುಕೊಳ್ಳುತ್ತದೆ, ಪೊಲೀಸ್ ಠಾಣೆಯಲ್ಲಿ ಹಳೇ ಕಳ್ಳರ ಫೋಟೊ ಇಟ್ಟ ಹಾಗೆ. ಈ ವ್ಯವಸ್ಥೆಗೆ ಕ್ರಿಸ್ಪರ್ ಎಂದು ಹೆಸರು. ಫೇಜ್‌ನ ಡಿಎನ್‌ಎ ಯಾವ ಬ್ಯಾಕ್ಟೀರಿಯಾದ "ಫೋಟೊ"ಗೆ ಹೊಂದುತ್ತದೆ ಎಂದು ಕಂಪ್ಯೂಟರ್‌ನಲ್ಲಿ ಹುಡುಕಿದರೆ ಜೋಡಿ ಸಿಗುತ್ತದೆ. ಆದರೆ ಅರ್ಧಕ್ಕಿಂತ ಹೆಚ್ಚು ಬ್ಯಾಕ್ಟೀರಿಯಾಗಳಲ್ಲಿ ಕ್ರಿಸ್ಪರ್ ಇಲ್ಲ. ಇದ್ದರೂ ಅದು ಹೇಳುವುದು ಎಂದೋ ನಡೆದ ದಾಳಿಯನ್ನು. ಈಗ ಯಾರೊಳಗೆ ಯಾರಿದ್ದಾರೆ ಎಂದು ತಿಳಿಯಲು ಹೈ-ಸಿ ಎಂಬ ವಿಧಾನವಿದೆ: ಮಾದರಿಗೆ ಫಾರ್ಮಾಲ್ಡಿಹೈಡ್ ಹಾಕಿ, ಒಂದೇ ಕೋಶದೊಳಗಿರುವ ಫೇಜ್ ಮತ್ತು ಬ್ಯಾಕ್ಟೀರಿಯಾ ಡಿಎನ್‌ಎಗಳನ್ನು ಒಂದಕ್ಕೊಂದು ಅಂಟಿಸಿ ಓದುತ್ತಾರೆ.

ಇಂಥ ಊಹೆ ನಂಬಬಹುದೇ? ಕ್ರಾಸ್‌ಫೇಜ್ ಕಥೆ ನೋಡಿ. 2014ರಲ್ಲಿ ಮನುಷ್ಯರ ಮಲದ ಡಿಎನ್‌ಎ ಮಾಹಿತಿಯನ್ನು ಕಂಪ್ಯೂಟರ್‌ನಲ್ಲಿ ಜಾಲಾಡಿದಾಗ ಸಿಕ್ಕ ವೈರಸ್ ಇದು. ಅದನ್ನು ಯಾರೂ ಬೆಳೆಸಿರಲಿಲ್ಲ. ಕರುಳಿನ ಬ್ಯಾಕ್ಟಿರಾಯ್ಡಿಸ್ ಗುಂಪಿನದಿರಬೇಕು ಎಂದು ಡಿಎನ್‌ಎ ನೋಡಿಯೇ ಊಹಿಸಿದರು. 2018ರಲ್ಲಿ ಈ ಬಳಗದ ಒಂದು ಫೇಜ್ ಅದೇ ಗುಂಪಿನ ಬ್ಯಾಕ್ಟೀರಿಯಾದ ಮೇಲೆ ಪ್ರಯೋಗಾಲಯದಲ್ಲಿ ಬೆಳೆಯಿತು.

ಈ ಫೇಜ್ ಮುಖ್ಯವಾಗಿ ಮನುಷ್ಯರ ಕರುಳಿನದಾದ್ದರಿಂದ ವಿಜ್ಞಾನಿಗಳು ಇಂದು ನೀರಿನ ಪರೀಕ್ಷೆಯಲ್ಲಿ ಅದನ್ನು ಹುಡುಕುತ್ತಾರೆ. ಕೆರೆ ನೀರಿನಲ್ಲಿ ಅದು ಸಿಕ್ಕರೆ ನೀರು ಶುದ್ಧ ಎಂದಲ್ಲ, ಅಲ್ಲಿಗೆ ಒಳಚರಂಡಿ ನೀರು ಸೇರುತ್ತಿದೆ ಎಂದರ್ಥ.